ಕಾರಿನ್, ಆ ಪಿಂಚಣಿಯಲ್ಲಿ ನಿನಗೂ ಪಾಲಿತ್ತು

ಕಾರಿನ್, ನಿನ್ನ ಅಪ್ಪ ಬಿಟ್ಟುಹೋದದ್ದು ಸೊಲ್ಲೆಂಟುನಾದ ಈ ಫ್ಲ್ಯಾಟೊಂದೇ ಅಲ್ಲ. ದೂರದ ಯಾವುದೋ ದ್ವೀಪದಲ್ಲಿ ಅವರದೊಂದು ಪಿಂಚಣಿ ಯೋಜನೆ ಇತ್ತು. ನನಗದು ಗೊತ್ತಿತ್ತು. ಮರೆತು ಹೇಳದೆ ಹೋದದ್ದಲ್ಲ — ಬೇಕೆಂದೇ ಮುಚ್ಚಿಟ್ಟೆ. ನಿನಗೆ ಸ್ವೀಡಿಶ್‌ನಲ್ಲಿ ಹೇಳಬೇಕಾದದ್ದನ್ನು ಮೊದಲು ನನ್ನ ಭಾಷೆಯಲ್ಲಿ ಬರೆದು ನೋಡುತ್ತಿದ್ದೇನೆ, ಅಲ್ಲಾದರೂ ನಾಲಿಗೆ ಹೊರಳಲಿ ಎಂದು.

ಮದುವೆಯಾಗಿ ಮೈಸೂರಿನಿಂದ ಸ್ವೀಡನ್ನಿಗೆ ಬಂದಾಗ ನೀನೊಬ್ಬಳಿದ್ದೀಯ ಎಂಬುದೇ ನನಗೆ ತಿಳಿದಿರಲಿಲ್ಲ. ಬಂದ ವಾರವೇ ನಿನ್ನ ಅಪ್ಪ ಐದು ವರ್ಷದ ಹುಡುಗಿಯ ಕೈಹಿಡಿದು ಬಾಗಿಲಲ್ಲಿ ನಿಂತರು. "ಇವಳು ನನ್ನ ಮಗಳು. ಮೊದಲೇ ಹೇಳಿದ್ರೆ ನಿಮ್ಮನೇಲಿ ಹೆಣ್ಣು ಕೊಡ್ತಿರ್ಲಿಲ್ಲ" ಅಂದರು. ನಿನ್ನ ತಾಯಿಯ ಜೊತೆ ಅವರು ಸಂಸಾರ ಮಾಡಿದ್ದು ಇಲ್ಲಿನವರಿಗೆಲ್ಲ ಗೊತ್ತು, ನನಗೊಬ್ಬಳಿಗೆ ಇಲ್ಲ. ಅವತ್ತು ಅಳುತ್ತಲೇ ನಿನಗೆ ದೋಸೆ ಹುಯ್ದೆ. ನೀನು ಅದರ ಮೇಲೆ ಲಿಂಗಾನ್ ಹಣ್ಣಿನ ಜಾಮ್ ಸುರಿದುಕೊಂಡು ತಿಂದೆ, ಇನ್ನೊಂದು ಬೇಕು ಅಂದೆ. ನಿನ್ನನ್ನು ಕಂಡರೆ ಪ್ರೀತಿ ಬಂತು, ಅದು ಸುಳ್ಳಲ್ಲ. ಆದರೆ ನನಗಾದ ಮೋಸ ಹೊಟ್ಟೆಯೊಳಗೇ ಉಳಿಯಿತು.

ಎಷ್ಟೋ ವರ್ಷಗಳ ಮೇಲೆ ಒಬ್ಬ ಸಲಹೆಗಾರ ಮನೆಗೆ ಬಂದ. ಆಗ ಇಲ್ಲಿ ಸತ್ತವರ ಆಸ್ತಿಗೆ ವಾರಸುದಾರರು ತೆರಿಗೆ ಕಟ್ಟಬೇಕಿತ್ತು. ಹೊರದೇಶದ ಪಿಂಚಣಿಯಲ್ಲಿಟ್ಟರೆ ಹಣ ಆಸ್ತಿಯ ಲೆಕ್ಕಕ್ಕೆ ಸೇರುವುದಿಲ್ಲ, ಹೆಸರಿಸಿದವರ ಕೈಗೆ ನೇರವಾಗಿ ಹೋಗುತ್ತದೆ ಅಂದ. ಸದ್ಯಕ್ಕೆ ನನ್ನ ಹೆಸರು, ನಿನ್ನದನ್ನು ಆಮೇಲೆ ಸೇರಿಸುವುದು ಎಂದು ಮಾತಾಯಿತು. ಎರಡು ಸಾವಿರದ ನಾಲ್ಕರ ಕೊನೆಗೆ ಸರ್ಕಾರ ಆ ತೆರಿಗೆಯನ್ನೇ ತೆಗೆದುಹಾಕಿತು. ಇನ್ನು ಮುಚ್ಚಿಡಲು ನೆಪವೂ ಇರಲಿಲ್ಲ.

ನಿನ್ನ ಅಪ್ಪ ನಿನ್ನ ಹೆಸರು ಸೇರಿಸುವ ಮಾತು ತೆಗೆದರು. "ನೋಡೇ, ನಾನು ಹೋದ್ಮೇಲೆ ಕಾರಿನ್‌ಗೂ ಅರ್ಧ —"

"ಬಿಡ್ತು ಅನ್ನಿ!"

ನಮ್ಮಲ್ಲಿ ಹಾಗೆ — ಯಾರಾದರೂ ತಮ್ಮ ಸಾವಿನ ಮಾತೆತ್ತಿದರೆ ತಕ್ಷಣ ಬಿಡ್ತು ಅನ್ನಿಸಿ ಆ ಮಾತನ್ನು ಅಲ್ಲಿಗೇ ನಿಲ್ಲಿಸುತ್ತೇವೆ. ಅವರೂ "ಬಿಡ್ತು, ಬಿಡ್ತು" ಎಂದು ನಕ್ಕು ಸುಮ್ಮನಾದರು. ಮತ್ತೆ ಎತ್ತಿದರು, ಮತ್ತೆ ಅನ್ನಿಸಿದೆ. ಆಸ್ಪತ್ರೆಯ ಮಂಚದ ಮೇಲೆ ಕೂಡ. ಗಂಡನ ಆಯಸ್ಸಿಗೆ ಹೆದರುತ್ತಾಳೆ ಪಾಪ, ಎಂದು ಅವರು ನಂಬಿದ್ದರು. ನನಗೆ ಹೆದರಿಕೆ ಇರಲಿಲ್ಲ ಕಾರಿನ್. ಆ ವಾಕ್ಯ ಮುಗಿಯಬಾರದು, ಅಷ್ಟೇ ಬೇಕಿತ್ತು. ಅವರು ನನ್ನಿಂದ ನಿನ್ನನ್ನು ಮುಚ್ಚಿಟ್ಟರು. ನಾನು ನಿನ್ನಿಂದ ಅವರ ಕೊನೆಯ ಆಸೆಯನ್ನೇ ಮುಚ್ಚಿಟ್ಟೆ. ಮೋಸ ಮಾಡಿದವರು ಅವರು, ಸೇಡು ತೀರಿಸಿಕೊಂಡದ್ದು ನಿನ್ನ ಮೇಲೆ — ಇದೆಂಥ ನ್ಯಾಯ?

ಅವರು ಹೋದ ಮೇಲೆ ಆಸ್ತಿಯ ವಿವರ ಬರೆಸಲು ವಕೀಲರ ಮುಂದೆ ಇಬ್ಬರೂ ಕುಳಿತೆವು. ಬೇರೆ ಏನಾದರೂ ಇದೆಯೇ ಎಂದು ಆತ ಕೇಳಿದ. ಇಲ್ಲ ಅಂದೆ. ಪ್ರಮಾಣ ಮಾಡಿ ಸಹಿ ಹಾಕಿದೆ. ಪಿಂಚಣಿಯ ಹಣವೆಲ್ಲ ನನ್ನೊಬ್ಬಳ ಕೈ ಸೇರಿತು. ನಿನ್ನ ಪಾಲು ಕೊಡಲು ನಾನು ಈ ಮನೆ ಮಾರಬೇಕಾದೀತು ಎಂದು ನಿನಗೆ ಸಂಕಟ. ಇಲ್ಲಿನವರ ರೂಢಿಯಂತೆ ನನ್ನನ್ನು ಹೆಸರಿಟ್ಟೇ ಕರೆದೆ: "ಶಾರದಾ, ನನಗೆ ಈಗ ಏನೂ ಬೇಡ. ನೀನು ನಿನ್ನ ಮನೆಯಲ್ಲೇ ಇರು." ನೀನು ಹಾಗೆಂದೇ ಬರೆದುಕೊಟ್ಟೆ. ಆಮೇಲೆ ನಿನ್ನ ಎರಡು ಮಕ್ಕಳನ್ನು ಕಟ್ಟಿಕೊಂಡು ಸುಂಡ್‌ಬೀಬರ್ಗ್‌ನ ಆ ಇಕ್ಕಟ್ಟಾದ ಬಾಡಿಗೆ ಮನೆಗೆ ಹೋದೆ. ನಾನು ತಡೆಯಲಿಲ್ಲ. ನಿನ್ನನ್ನು ತಬ್ಬಿಕೊಂಡು ಥ್ಯಾಂಕ್ಸ್ ಅಂದೆ.

ಇವತ್ತು ಶನಿವಾರ, ಎಂದಿನಂತೆ ನನ್ನ ಸಾಮಾನಿನ ಚೀಲ ಹೊತ್ತು ನೀನು ಬರುತ್ತೀಯ. ಆ ಹಣದಲ್ಲಿ ನಿನ್ನ ಅರ್ಧ ನಿನಗೆ ಸೇರುತ್ತದೆ. ಇಷ್ಟು ವರ್ಷ ನೀನಿಟ್ಟ ನಂಬಿಕೆಯನ್ನು ನಾನು ಎಲ್ಲಿಂದ ತಂದುಕೊಡಲಿ? ಅಡುಗೆ ಆಗಿದೆ, ಆದರೆ ಎಲ್ಲವನ್ನೂ ಊಟಕ್ಕೆ ಮೊದಲೇ ಹೇಳುತ್ತೇನೆ. ಉಂಡ ಮೇಲೆ ಹೇಳಿದರೆ ಇವಳ ಕೈಯ ಅನ್ನ ತಿಂದೆನಲ್ಲ ಎಂದು ನೀನು ಬೈಯಲು ಹಿಂಜರಿಯುತ್ತೀಯ.