ಚಿಗಟೇರಿ ಕೊಟ್ರೇಶನ ಪಾಲು

ಕಂಪ್ಯೂಟರಿನಲ್ಲಿ ಏನೋ ವಿಚಿತ್ರ ನಡೆಯಿತು ಎಂದು ಯಾರಾದರೂ ಹೇಳಿದರೆ ನನಗೆ ಮೈ ಉರಿಯುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಕೊಟ್ಟೂರಿನಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುವ ನಾನು ಈ ಗಾದೆ ಹೇಳಿ ಎಷ್ಟು ಮಂದಿಯನ್ನು ಬೈದಿದ್ದೇನೋ. ಈಗ ನೀವು ನನ್ನನ್ನು ಬೈಯಬಹುದು.

ಕೆಲವು ವರ್ಷಗಳ ಹಿಂದೆ ನಾವು ಮೂವರು ಗೆಳೆಯರು ಅವರವರ ಊರಿನಿಂದಲೇ ನೆಟ್‌ನಲ್ಲಿ ಸೇರಿ ಒಂದು ಆಟ ಆಡುತ್ತಿದ್ದೆವು: ನಾನು, ಹಿರೇಹಡಗಲಿಯ ಕೊಟ್ರೇಶ, ಚಿಗಟೇರಿಯ ಕೊಟ್ರೇಶ. ನಮ್ಮ ಸೀಮೆಯ ಬಸ್ಸಿನಲ್ಲಿ ಕೊಟ್ರೇಶ ಎಂದು ಕೂಗಿದರೆ ಅರ್ಧ ಜನ ತಿರುಗುತ್ತಾರೆ. ಆಟದಲ್ಲಿ ರಾಕ್ಷಸನನ್ನು ಕೊಂದರೆ ‘ಅನುಭವ’ದ ಅಂಕ ಸಿಗುತ್ತದೆ, ಅಂಕ ಕೂಡಿದಂತೆ ಆಟಗಾರ ಬಲಿಯುತ್ತಾನೆ. ಆಟ ನಡೆಯುತ್ತಿದ್ದದ್ದು ನನ್ನ ಕಂಪ್ಯೂಟರಿನಿಂದಲೇ. ಆ ಅಂಕವನ್ನು ಹತ್ತಿರ ನಿಂತವರಿಗೆಲ್ಲ ಸಮನಾಗಿ ಹಂಚುವ ಪ್ಲಗಿನ್, ಅಂದರೆ ಆಟಕ್ಕೆ ಜೋಡಿಸುವ ಪುಟ್ಟ ಪ್ರೋಗ್ರಾಂ, ಬರೆದವನೂ ನಾನೇ.

ಆದರೆ ಹಿರೇಹಡಗಲಿಯವನಿಗೆ ಅಂಕವೇ ಸೇರುತ್ತಿರಲಿಲ್ಲ. ಚಿಗಟೇರಿಯವನಿಗೆ ಎರಡು ಪಾಲು ಸೇರುತ್ತಿತ್ತು. ನಾನು ಪ್ಲಗಿನ್ ತೆರೆದೂ ನೋಡಲಿಲ್ಲ. ಒಂದು ಸಂಜೆ ಹೋಟೆಲಿನಲ್ಲಿ ಮಂಡಕ್ಕಿ ಮಿರ್ಚಿ ಮುಂದಿಟ್ಟುಕೊಂಡು ಕೂತಾಗ, ನಾಲ್ಕು ಜನರೆದುರು ಚಿಗಟೇರಿಯವನನ್ನು ಕಳ್ಳ ಅಂದೆ. ಎಂಟನೇ ಕ್ಲಾಸಿನಿಂದ ನನ್ನ ಬೆಂಚಿನಲ್ಲೇ ಕೂತವನು.

“ನಾ ತಗೊಂಡಿಲ್ಲಲೇ. ನೀ ಬರ್ದದ್ರಾಗ ತಪ್ಪೈತಿ, ನೋಡ್ಕೋ” ಎಂದ.

ನನ್ನ ಸಿಟ್ಟು ನೆತ್ತಿಗೇರಿತು. ಮನೆಗೆ ಬಂದವನೇ ಆಟದಿಂದ ಅವನ ಖಾತೆಯನ್ನೇ ಅಳಿಸಿಹಾಕಿದೆ.

ಮುಂದಿನ ಭಾನುವಾರ ಮಧ್ಯಾಹ್ನ ಪ್ಲಗಿನ್ ತೆರೆದೆ. ತಪ್ಪು ನನ್ನದೇ. ಹೆಸರಿನ ಮೊದಲ ಅಕ್ಷರಗಳನ್ನಷ್ಟೇ ಹೋಲಿಸುವ ಸಾಲು ಬರೆದಿದ್ದೆ. ಇಬ್ಬರು ಕೊಟ್ರೇಶರ ಪಾಲೂ ಮೊದಲು ಸಿಕ್ಕ ಕೊಟ್ರೇಶನಿಗೆ, ಅಂದರೆ ಚಿಗಟೇರಿಯವನಿಗೆ, ಹೋಗುತ್ತಿತ್ತು. ಊರ ತುಂಬ ಕೊಟ್ರೇಶರನ್ನು ಇಟ್ಟುಕೊಂಡು ಯಾವ ಕತ್ತೆ ಹೀಗೆ ಬರೆಯುತ್ತಾನೆ? ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನಿಸಿತು. ಹೆಸರು ಬಿಟ್ಟು, ಆಟವು ಪ್ರತಿ ಖಾತೆಗೂ ಕೊಡುವ ಸಂಖ್ಯೆಯನ್ನು ನೋಡುವಂತೆ ತಿದ್ದಿದೆ.

ನೆಟ್ ಕಿತ್ತು, ಒಬ್ಬನೇ ಆಡಿ ಪರೀಕ್ಷಿಸಿದೆ. ಇಪ್ಪತ್ತಾರು ಅಂಕದ ರಾಕ್ಷಸ. ನನಗೆ ಬಂದದ್ದು ಹದಿಮೂರು. ಇನ್ನೊಬ್ಬನನ್ನು ಕೊಂದೆ, ಮತ್ತೆ ಹದಿಮೂರು. ಪ್ಲಗಿನ್ ಬರೆದಿಡುವ ದಾಖಲೆ ತೆಗೆದು ನೋಡಿದರೆ, ಹತ್ತಿರ ಇಬ್ಬರಿದ್ದಾರೆ ಎಂದಿತ್ತು. ಒಂದು ನನ್ನ ಸಂಖ್ಯೆ. ಇನ್ನೊಂದು ನಾನು ಅಳಿಸಿದ್ದ ಚಿಗಟೇರಿಯವನದು. ಆ ಖಾತೆಯನ್ನು ಮೂಲೆಮೂಲೆ ಹುಡುಕಿದೆ, ಎಲ್ಲೂ ಇರಲಿಲ್ಲ. ಆಟ, ಪ್ಲಗಿನ್ ಎಲ್ಲವನ್ನೂ ತೆಗೆದು ಹೊಸದಾಗಿ ಹಾಕಿದೆ. ಆಗಲೂ ಹದಿಮೂರೇ. ಕೀಬೋರ್ಡ್ ಎತ್ತಿ ಕುಕ್ಕಿದೆ. ಎರಡು ಗುಂಡಿ ಹಾರಿಹೋದವು. ಯಂತ್ರಕ್ಕೂ ನನ್ನನ್ನು ಹಂಗಿಸುವಷ್ಟು ಸೊಕ್ಕು ಬಂತೇ ಎಂದು ಒಬ್ಬನೇ ಕೂತು ಬೈದೆ.

ಕೊನೆಗೆ ಚಿಗಟೇರಿಯವನಿಗೆ ಫೋನ್ ಹಚ್ಚಿದೆ. ತಪ್ಪಾಯಿತು ಎನ್ನಬೇಕಿತ್ತು, ಅಷ್ಟೇ. ಮೂರನೆಯ ಸಲಕ್ಕೆ ಎತ್ತಿದ. ನಾನು ಬಾಯಿ ತೆರೆಯುವ ಮೊದಲೇ ಅವನೇ ಮಾತಾಡಿದ.

“ನನ್ನ ಹದಿಮೂರೂ ನೀನ ಇಟ್ಕೋಲೇ” ಎಂದು ಫೋನ್ ಇಟ್ಟುಬಿಟ್ಟ.

ಆ ಹದಿಮೂರರ ಲೆಕ್ಕವನ್ನು ನಾನು ಯಾರಿಗೂ ಹೇಳಿರಲಿಲ್ಲ. ಹಿರೇಹಡಗಲಿಯವನಿಗಂತೂ ನಾನು ಪ್ಲಗಿನ್ ತೆರೆದದ್ದೇ ಗೊತ್ತಿರಲಿಲ್ಲ. ಚಿಗಟೇರಿಯವನಿಗೆ ಹೇಗೆ ತಿಳಿಯಿತೋ, ಇವತ್ತಿಗೂ ನನಗೆ ಬಗೆಹರಿದಿಲ್ಲ. ಅಂದಿನಿಂದ ಅವನು ನನ್ನ ಫೋನ್ ಎತ್ತಿಲ್ಲ. ತಪ್ಪಾಯಿತು ಎಂಬ ಮಾತು ಇನ್ನೂ ನನ್ನ ಬಾಯಲ್ಲೇ ಇದೆ.