ಹಿಂದಿನ ಸೀಟಿನ ವಾರಿಜಕ್ಕ

ಕೊರೊನಾದ ಗಲಾಟೆ ತಣ್ಣಗಾದ ಮರುವರ್ಷ ನಾನು ಮುಂಬಯಿಯ ವಿಕ್ರೋಳಿಯ ಒಂದು ಕಾರ್ ಶೋರೂಮಿನಲ್ಲಿ ಡೆಲಿವರಿ ಡೆಸ್ಕ್ ನೋಡಿಕೊಳ್ಳುತ್ತಿದ್ದೆ. ಅದಕ್ಕೆ ಮೊದಲು ಮನೆಯೇ ನನ್ನ ಕೆಲಸವಾಗಿತ್ತು. ಈಗ ಮತ್ತೆ ಮನೆಯೇ. ಮಗಳು ಕಾಲೇಜು ಸೇರಿದ ಮೇಲೆ ಸಿಕ್ಕ ಆ ನೌಕರಿಗೆ ನನ್ನಲ್ಲಿದ್ದ ಅರ್ಹತೆಯೆಂದರೆ ಕಾನ್ವೆಂಟಿನ ಇಂಗ್ಲಿಷ್ ಮತ್ತು ಕಾರಿನ ಜತೆ ಬರುವ ದಪ್ಪ ಮ್ಯಾನುಯಲನ್ನು ಕೊನೆಯ ಪುಟದವರೆಗೂ ಓದುವ ತಾಳ್ಮೆ. ಕೀಲಿ ಕೈಗೆ ಕೊಡುವ ಮೊದಲು ಗಾಡಿಯ ಒಂದೊಂದು ಭಾಗವನ್ನೂ ಗಿರಾಕಿಗೆ ತೋರಿಸಿ ವಿವರಿಸಬೇಕಿತ್ತು.

ಆಗ ಬಂದವರೆಲ್ಲ ಕೇಳುತ್ತಿದ್ದುದು ಸ್ಟಾರ್ ರೇಟಿಂಗಿನ ಬಗ್ಗೆ. ಗಂಟೆಗೆ ಅರವತ್ತನಾಲ್ಕು ಕಿಲೋಮೀಟರ್ ವೇಗದಲ್ಲಿ ಕಾರನ್ನು ಅಡ್ಡಗೋಡೆಗೆ ಗುದ್ದಿಸಿ, ಒಳಗೆ ಕೂರಿಸಿದ ಗೊಂಬೆಗಳ ತಲೆ, ಎದೆ, ಕಾಲುಗಳಿಗೆ ಎಷ್ಟು ಪೆಟ್ಟು ಬಿತ್ತೆಂದು ಅಳೆಯುತ್ತಾರೆ. ಅಂಥ ಪರೀಕ್ಷೆಗಳಿಂದ ಬರುವ ಅಂಕವೇ ಈ ಸ್ಟಾರು. ಮುಂದಿನ ಸೀಟಿನ ಗೊಂಬೆಗಳಿಗೆ ಬೆಲ್ಟ್ ಹಾಕಿರುತ್ತಾರೆ. ಹಿಂದೆ ಮಕ್ಕಳ ಗೊಂಬೆಗಳು. ಅವನ್ನೂ ಚೈಲ್ಡ್ ಸೀಟಿನಲ್ಲಿ ಬಿಗಿದಿರುತ್ತಾರೆ. ಇದನ್ನು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ.

ಸದಾನಂದ ಶೆಟ್ಟರಿಗೆ ಹೇಳುವ ಅಗತ್ಯ ಬೀಳಲಿಲ್ಲ. ಕುರ್ಲಾ ಸ್ಟೇಷನ್ನಿನ ಹತ್ತಿರ ಅವರದೊಂದು ಚಿಕ್ಕ ಹೋಟೆಲು. ಅವರ ಅಣ್ಣ ಊರಿನಿಂದ ಬರುವಾಗ ಹೆದ್ದಾರಿಯಲ್ಲಿ ಹಳೆಯ ಕಾರಿನೊಳಗೆ ತೀರಿಕೊಂಡಿದ್ದರು. ಅಂದಿನಿಂದ ಶೆಟ್ಟರಿಗೆ ಒಂದೇ ಹಟ: ಕೊಂಡರೆ ಐದು ಸ್ಟಾರಿನದೇ ಗಾಡಿ. ಫೋನಿನಲ್ಲಿ ಕ್ರ್ಯಾಶ್ ಟೆಸ್ಟಿನ ವಿಡಿಯೋಗಳನ್ನು ನೋಡಿ ನೋಡಿ ಅವರಿಗೆ ಎಲ್ಲ ಬಾಯಿಪಾಠವಾಗಿತ್ತು. ಇಂಥದೇ ಮಾಡೆಲ್ ಬೇಕೆಂದು ತಿಂಗಳುಗಟ್ಟಲೆ ಕಾದಿದ್ದರು.

ಡೆಲಿವರಿಯ ದಿನ ಹೆಂಡತಿ ವಾರಿಜಕ್ಕನನ್ನೂ ತಾಯಿಯನ್ನೂ ಕರೆತಂದರು. ತಮ್ಮೊಳಗೆ ತುಳು, ನನ್ನೊಡನೆ ಕನ್ನಡ. ವಾರಿಜಕ್ಕ ಹೋಟೆಲಿನ ಅಡುಗೆಮನೆಯಿಂದ ನೇರವಾಗಿ ಬಂದಿದ್ದರೆಂದು ಕಾಣುತ್ತದೆ. ರೇಷ್ಮೆ ಸೀರೆ ಉಟ್ಟಿದ್ದರೂ ಉಗುರಿನ ಅಂಚಿನಲ್ಲಿ ಅರಿಸಿನ ಉಳಿದಿತ್ತು.

"ನಮ್ಮ ಹೋಟೆಲಿಗೆ ಒಂದು ಸ್ಟಾರೂ ಇಲ್ಲ ಮೇಡಂ, ಗಾಡಿಗೆ ನೋಡಿ ಐದು" ಎಂದರು ಶೆಟ್ಟರು.

"ಗಾಡಿಯ ಸಾಂಬಾರ್ ಯಾರೂ ಉಂಡು ನೋಡುದಿಲ್ಲ ಅಲ್ವಾ, ಅದಕ್ಕೇ ಸಿಕ್ಕಿದ್ದು" ಎಂದರು ವಾರಿಜಕ್ಕ.

ನಿಂಬೆಹಣ್ಣು, ತೆಂಗಿನಕಾಯಿ ಎಲ್ಲ ಮುಗಿದ ಮೇಲೆ ತಾಯಿ ಸೆರಗಿನ ಗಂಟಿನಿಂದ ಒಂದು ಸಣ್ಣ ಹಿತ್ತಾಳೆಯ ಗಣಪತಿಯನ್ನು ತೆಗೆದರು. ದೊಡ್ಡ ಮಗನ ಕಾರಿನಲ್ಲಿದ್ದುದಂತೆ. ಆ ಕಾರು ನುಜ್ಜುಗುಜ್ಜಾಗಿದ್ದರೂ ಗಣಪತಿಗೆ ಒಂದು ಗೀರೂ ಬಿದ್ದಿರಲಿಲ್ಲ. ತಾವು ಕೂರುವ ಮುಂದಿನ ಸೀಟಿನ ಎದುರಿಗೇ ಅದನ್ನು ಅಂಟಿಸಬೇಕೆಂದರು. ಅವರ ಬೆರಳು ತೋರಿಸಿದ ಜಾಗದಲ್ಲೇ ಏರ್‌ಬ್ಯಾಗ್ ಎಂಬ ಅಕ್ಷರಗಳು ಮೂಡಿದ್ದವು. ಬ್ಯಾಗು ಸಿಡಿದು ತೆರೆದುಕೊಳ್ಳುವಾಗ ಮೇಲಿರುವ ವಸ್ತು ಗುಂಡಿನಂತೆ ಮುಖಕ್ಕೆ ಬರುತ್ತದೆ.

"ಅಲ್ಲಿ ಬೇಡ ಅಮ್ಮ" ಎಂದೆ.

"ನನ್ನ ಮಗನ ಗಣಪತಿ ನನಗೆ ಹೊಡೀತದಾ? ಎಂಥ ಮಾತು ಮಗಾ" ಎಂದರು ಅವರು. ಕಣ್ಣು ತುಂಬಿತ್ತು.

ಶೆಟ್ಟರು ತಲೆ ತಗ್ಗಿಸಿದರು. ಕೊನೆಗೆ ವಾರಿಜಕ್ಕನೇ ಅತ್ತೆಯ ಪಕ್ಕ ಕುಳಿತು ತುಳುವಿನಲ್ಲಿ ಮೆಲ್ಲಗೆ ಏನೇನೋ ಹೇಳಿ ಒಪ್ಪಿಸಿದರು. ಗಣಪತಿ ಗೇರಿನ ಹತ್ತಿರದ ತಗ್ಗಿನಲ್ಲಿ, ಗೂಡಿನೊಳಗಿಟ್ಟಂತೆ ಕೂತ. ನನಗೆ ದೊಡ್ಡದೊಂದು ಕೆಲಸ ಗೆದ್ದ ಸಮಾಧಾನ. ಅಷ್ಟರಲ್ಲಿ ಹೊರಗೆ ಮುಂದಿನ ಗಿರಾಕಿ ಗಡಿಯಾರ ನೋಡುತ್ತಿದ್ದರು.

ಹಿಂದಿನ ಸೀಟು ಉಳಿದಿತ್ತು. ಶೋರೂಮು ಉಡುಗೊರೆಯಾಗಿ ಹಾಕಿಕೊಟ್ಟ ಹೊಸ ಸೀಟ್ ಕವರಿನ ಅಡಿಯಲ್ಲಿ ಬೆಲ್ಟಿನ ಬಕಲುಗಳು ಹೂತುಹೋಗಿದ್ದವು. ಬೆರಳು ತೂರಿಸಿ ಎರಡನ್ನೂ ಮೇಲೆಳೆದು, ಹಿಂದೆ ಕೂತವರೂ ಹಾಕಲೇಬೇಕು ಎಂದು ವಾರಿಜಕ್ಕನಿಗೆ ತೋರಿಸಿದೆ.

"ನಾನು ಹಿಂದೆ ಕೂರುವವಳು ಅಕ್ಕ, ನನಗೆಂತ ಆಗ್ತದೆ" ಎಂದು ಅವರು ನಕ್ಕರು. "ಹಿಂದೆಯೂ ಹಾಕಿ" ಎಂದು ಮತ್ತೊಮ್ಮೆ ಹೇಳಿದೆ. ಆಯ್ತು ಎಂಬಂತೆ ತಲೆಯಾಡಿಸಿದರು. ಅಲ್ಲಿಗೆ ಮುಗಿಯಿತು. ಎಲ್ಲರೂ ಸೇರಿ ಫೋಟೋ ತೆಗೆಸಿಕೊಂಡರು.

ಮಳೆಗಾಲ ಕಳೆದ ಮೇಲೆ ಒಂದು ಬೆಳಿಗ್ಗೆ ಮುಲುಂಡಿನಲ್ಲಿ ನೆಂಟರ ಮನೆಯ ಪೂಜೆಗೆ ಮೂವರೂ ಹೊರಟಿದ್ದರು. ಹೆದ್ದಾರಿಯಲ್ಲಿ ಮುಂದಿದ್ದ ಟೆಂಪೊ ಒಮ್ಮೆಗೇ ನಿಂತಿತು. ಕಾರು ಅದಕ್ಕೆ ಹೋಗಿ ಗುದ್ದಿತು. ಎರಡೂ ಏರ್‌ಬ್ಯಾಗು ತೆರೆದವು. ಶೆಟ್ಟರಿಗೆ ಮಣಿಕಟ್ಟು ಉಳುಕಿತು, ತಾಯಿಗೆ ಬೆಲ್ಟ್ ಬಿಗಿದ ಕಡೆ ಎದೆಯ ಮೇಲೆ ಕಂದು ಗುರುತು; ಅಷ್ಟೇ. ಗಾಡಿಯನ್ನು ನಮ್ಮ ವರ್ಕ್‌ಶಾಪಿಗೆ ಎಳೆದು ತಂದಾಗ ನೋಡಿದೆ. ಬಾನೆಟ್ ಮಡಿಚಿತ್ತು, ಆದರೆ ಒಳಗಿನ ಕ್ಯಾಬಿನ್ ಹಾಗೆಯೇ ಇತ್ತು. ನಾಲ್ಕೂ ಬಾಗಿಲು ಸಲೀಸಾಗಿ ತೆರೆದವು. ಗಣಪತಿಯೂ ತನ್ನ ತಗ್ಗಿನಲ್ಲೇ ಇದ್ದ. ಹಿಂದಿನ ಸೀಟಿನ ತುಂಬ ಪಾಯಸ ಒಣಗಿ ಅಂಟಿತ್ತು. ಬಕಲುಗಳು ಮತ್ತೆ ಕವರಿನ ಅಡಿಗೆ ಹೋಗಿದ್ದವು. ಪೂಜೆಯ ಮನೆಗೆ ಒಯ್ಯುತ್ತಿದ್ದ ಪಾತ್ರೆಗಳು ಓರೆಯಾಗುತ್ತವೆಂದು ಯಾರೋ ಒತ್ತಿ ಸಮ ಮಾಡಿದ್ದರು.

ವಾರಿಜಕ್ಕ ಪರೇಲಿನ ಆಸ್ಪತ್ರೆಯಲ್ಲಿದ್ದರು. ಮುಂದಿನ ಸೀಟಿನ ಬೆನ್ನಿಗೆ ಹೋಗಿ ಬಡಿದು ಕುತ್ತಿಗೆಯ ಮೂಳೆ ಮುರಿದಿತ್ತು.

ನಮ್ಮ ಮ್ಯಾನೇಜರರಿಗೆ ಕಾರಿನ ಕ್ಯಾಬಿನ್ ನೋಡಿ ಉತ್ಸಾಹ ಬಂತು. ಐದು ಸ್ಟಾರ್ ಕಾಪಾಡಿದ ಕುಟುಂಬ ಎಂದು ಒಂದು ಫಲಕ ಮಾಡಿಸಿ, ಸನ್ಮಾನಿಸಿ, ಫೋಟೋವನ್ನು ಶೋರೂಮಿನ ಗೋಡೆಗೆ ಹಾಕಬೇಕೆಂದರು. "ನಿಮ್ಮ ಭಾಷೆಯವರು, ನೀವೇ ಮಾತಾಡಿ" ಎಂದು ನನ್ನನ್ನು ಕಳಿಸಿದರು. ಹೂಗುಚ್ಛ ಹಿಡಿದು ಹೋದೆ. ಫಲಕದ ಮಾತನ್ನು ಬಾಗಿಲಲ್ಲೇ ನುಂಗಿಕೊಳ್ಳಬೇಕೆಂದಿದ್ದೆ, ಆದರೆ ಮ್ಯಾನೇಜರರು ಆಗಲೇ ಶೆಟ್ಟರಿಗೆ ಫೋನು ಮಾಡಿಬಿಟ್ಟಿದ್ದರು.

ವಾರಿಜಕ್ಕ ಮಲಗಿದಲ್ಲಿಂದ ಕಣ್ಣು ಮಾತ್ರ ನನ್ನ ಕಡೆ ತಿರುಗಿಸಿದರು. ಕೈಗಳು ಹೊದಿಕೆಯ ಮೇಲೆ ಇಟ್ಟ ಹಾಗೇ ಇದ್ದವು. ಉಗುರಿನಲ್ಲಿ ಈಗ ಅರಿಸಿನ ಇರಲಿಲ್ಲ.

"ಗಾಡಿ ಒಳ್ಳೇದೇ ಅಕ್ಕ, ಅದರ ತಪ್ಪು ಎಂತ ಉಂಟು? ಫೋಟೋ ಅತ್ತೆದು ತೆಗೀರಿ. ಅವರು ಚಂದ ಕಾಣ್ತಾರೆ."

ಮೂಲೆಯ ಸ್ಟೂಲಿನಲ್ಲಿ ತಾಯಿ ಕೂತಿದ್ದರು. ನನ್ನ ಕಡೆ ನೋಡದೆಯೇ, "ಅವತ್ತು ನಾನು ಹಟ ಮಾಡದಿದ್ರೆ ನೀವು ಇವಳನ್ನು ಕೂರಿಸಿ ಬೆಲ್ಟ್ ಹಾಕಿಸ್ತಿದ್ರಿ ಅಲ್ವಾ ಮಗಾ? ಎಲ್ಲರೂ ನನ್ನನ್ನೇ ನೋಡ್ತಾ ನಿಂತ್ರಿ" ಎಂದರು.

"ಹಾಗಲ್ಲಮ್ಮ" ಎಂದೆ. ಸ್ವಲ್ಪ ಹೊತ್ತಿಗೆ ಹೊರಟೆ. ಶೆಟ್ಟರು ಹೂಗುಚ್ಛವನ್ನು ಎಲ್ಲಿಡುವುದೆಂದು ತಿಳಿಯದೆ ಅದನ್ನು ಹಿಡಿದುಕೊಂಡೇ ಲಿಫ್ಟಿನ ತನಕ ಬಂದರು. "ಎಲ್ಲ ವಿಡಿಯೋ ನೋಡಿದ್ದೆ ಮೇಡಂ. ಇವಳು ಕೂರುವ ಜಾಗದಲ್ಲಿ ದೊಡ್ಡವರ ಗೊಂಬೆ ಇರಲೇ ಇಲ್ಲ" ಎಂದರು.

ಫೋಟೋ ಸಿಗಲಿಲ್ಲವೆಂದು ಮ್ಯಾನೇಜರರಿಗೆ ಹೇಳಿದೆ. ಗೋಡೆಗೆ ಕಾರಿನ ಚಿತ್ರ ಮಾತ್ರ ಬಂತು. ಮುರಿದ ಮೂತಿ, ಗಟ್ಟಿಯಾಗಿ ಉಳಿದ ಕ್ಯಾಬಿನ್, ಕೆಳಗೆ ಐದು ನಕ್ಷತ್ರ. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ವಾರಿಜಕ್ಕನ ಬೆರಳುಗಳಿಗೆ ಮತ್ತೆ ಬಲ ಬರಲಿಲ್ಲ. ಹೋಟೆಲಿನ ಅಡುಗೆಮನೆಯ ಬಾಗಿಲಲ್ಲಿ ಗಾಲಿಕುರ್ಚಿಯಲ್ಲಿ ಕೂತು, ಸೌಟಿನಲ್ಲಿ ತಂದುಕೊಟ್ಟ ಸಾಂಬಾರಿನ ರುಚಿ ನೋಡಿ ಉಪ್ಪು ಹೇಳುತ್ತಾರೆಂದು ಕೇಳಿದ್ದೇನೆ.

ಆಮೇಲೆ ನಾನು ಆ ಕೆಲಸದಲ್ಲಿದ್ದಷ್ಟು ಕಾಲ ಪ್ರತಿ ಗಾಡಿಯ ವಿವರಣೆಯನ್ನು ಹಿಂದಿನ ಬಾಗಿಲಿನಿಂದಲೇ ಆರಂಭಿಸಿದೆ. ಇಲ್ಲಿ ಯಾರು ಕೂರುತ್ತಾರೆ ಎಂದು ಕೇಳುತ್ತಿದ್ದೆ. ಹೆಚ್ಚಾಗಿ ಒಬ್ಬ ಹೆಂಗಸು ಸಂಕೋಚದಿಂದ ಮುಂದೆ ಬರುತ್ತಿದ್ದಳು. ಅವಳನ್ನು ಕೂರಿಸಿ, ಅವಳ ಕೈಯಿಂದಲೇ ಬೆಲ್ಟ್ ಹಾಕಿಸಿ, ಟಕ್ ಎಂಬ ಸದ್ದು ಕೇಳಿದ ಮೇಲೆಯೇ ಮುಂದಿನ ಮಾತು. ಸ್ಟಾರು ಬೇಡವೆಂದು ನಾನು ಹೇಳುವುದಿಲ್ಲ. ಅದಿಲ್ಲದಿದ್ದರೆ ಆ ತಾಯಿ, ಮಗ ಉಳಿಯುತ್ತಿದ್ದರೋ ಇಲ್ಲವೋ. ಆದರೆ ಸ್ಟಾರು ಗಾಡಿಯ ಪರೀಕ್ಷೆಗೆ ಸಿಕ್ಕ ಅಂಕ. ನಾವು ನಮ್ಮ ಮನೆಯವರನ್ನು ಹೇಗೆ ಕೂರಿಸುತ್ತೇವೆ ಎಂಬುದಕ್ಕೆ ಅಂಕ ಕೊಡುವವರು ಯಾರೂ ಇಲ್ಲ.

ಈಗಲೂ ಟ್ಯಾಕ್ಸಿ ಹತ್ತಿದರೆ ಮೊದಲು ಸೀಟಿನ ಸಂದಿಗೆ ಬೆರಳು ತೂರಿಸಿ ಬಕಲು ಹುಡುಕುತ್ತೇನೆ. ಡ್ರೈವರು ಕನ್ನಡಿಯಲ್ಲಿ ನೋಡಿ, "ಪೀಛೇ ಜರೂರತ್ ನಹೀ ಮೇಡಂ" ಎನ್ನುತ್ತಾನೆ; ಹಿಂದೆ ಕೂತವರಿಗೆ ಬೆಲ್ಟ್ ಬೇಕಿಲ್ಲವಂತೆ. ಕಡಲೆಬೀಜದ ಸಿಪ್ಪೆ, ಹಳೆಯ ಟಿಕೆಟು, ಒಮ್ಮೊಮ್ಮೆ ಮಕ್ಕಳ ಹೇರ್‌ಕ್ಲಿಪ್ಪು ಕೈಗೆ ಸಿಗುತ್ತದೆ. ಬಕಲು ಸಿಗುವವರೆಗೂ ಹುಡುಕುತ್ತಲೇ ಇರುತ್ತೇನೆ.