ಚಾಮುಂಡಿಗೆ ಉಡುಪು ಹೊಲಿದವರು

ನಮ್ಮ ಟೈಲರ್ ಆಂಟಿಯ ಎಡಗೈ ತೋರುಬೆರಳಿನ ಉಗುರು ನಡುವೆ ಸೀಳಿ ಎರಡಾಗಿ ಬೆಳೆದಿತ್ತು. ಯಾವ ಕಾಲದಲ್ಲೋ ಹೊಲಿಗೆ ಮೆಷಿನ್ನಿನ ಸೂಜಿ ಅದನ್ನು ತೂರಿಕೊಂಡು ಹೋಗಿತ್ತಂತೆ. ಅದು ಬಲಗೈ ಎಂದು ನನ್ನ ಮಗಳು ವಾದಿಸುತ್ತಾಳೆ. ಇರಬಹುದು. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಮುಂದೆ ಹೇಳುವುದರಲ್ಲಿ ಒಂದು ಕಡೆಯಂತೂ ಅದು ನನಗೆ ಅನುಕೂಲವಾಗುವಂತೆ ಸುಳ್ಳು ಹೇಳಿದೆ. ಅಲ್ಲಿಗೆ ಬಂದಾಗ ತಿಳಿಸುತ್ತೇನೆ.

ಮೈಸೂರಿನ ಟೈಲರ್ ಆಂಟಿ ಅಮೆರಿಕದ ನಾರ್‌ಕ್ರಾಸ್‌ನಲ್ಲಿ ತಮ್ಮ ಮಗಳ ಮನೆಯ ಗರಾಜಿನಲ್ಲಿ ಕೂತು ನಮ್ಮೆಲ್ಲರ ಸೀರೆಗಳಿಗೆ ಬ್ಲೌಸು ಹೊಲಿಯುತ್ತಿದ್ದರು. ಅಳಿಯ ಪಾಪ, ಕಾರನ್ನು ಹೊರಗೆ ನಿಲ್ಲಿಸಿ ಚಳಿಗಾಲದ ಬೆಳಗ್ಗೆ ಗಾಜಿನ ಮೇಲಿನ ಹಿಮ ಕೆರೆಯುತ್ತಾ ಗೊಣಗುತ್ತಿದ್ದ. "ಗೊಣಗಲಿ ಬಿಡು, ಕಾರಿಗೇನು ನೆಗಡಿ ಆಗತ್ತಾ?" ಎನ್ನುತ್ತಿದ್ದರು.

ಒಂದು ಅಕ್ಟೋಬರ್‌ನಲ್ಲಿ ಹ್ಯಾಲೋವೀನ್‌ಗೆಂದು ಅಂಗಡಿಯಿಂದ ತಂದ 'ಯೋಧ ರಾಣಿ'ಯ ಉಡುಪನ್ನು ಸ್ವಲ್ಪ ಸಡಿಲಿಸಿಕೊಡಿ ಎಂದು ಒಯ್ದಿದ್ದೆ. ಮಗಳಿಗೆ ಆಗ ಎಂಟು ವರ್ಷ. ಆಂಟಿ ಅದನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. ಈರುಳ್ಳಿ ಸಿಪ್ಪೆಯಂಥ ಬಟ್ಟೆ, ತೊಡೆ ಕಾಣುವ ಲಂಗ, ಎದೆಗೆ ಮಾತ್ರ ಬೆಳ್ಳಿ ಬಣ್ಣದ ಕವಚ.

"ಇದನ್ನ ಹಾಕ್ಕೊಂಡು ಯುದ್ಧಕ್ಕೆ ಹೋಗ್ತಾಳಾ? ಶತ್ರು ಬೇಡ, ಚಳೀಗೇ ಸಾಯ್ತಾಳೆ. ಹುಡುಗರ ರಾಜನ ಡ್ರೆಸ್‌ಗೆ ಪೂರಾ ತೋಳು, ಪ್ಯಾಂಟು, ಜೇಬು. ರಾಣಿ ಏನು ಪಾಪ ಮಾಡಿದ್ಳು?"

ಆ ಉಡುಪಿಗೆ ಅವರು ಸೂಜಿ ಮುಟ್ಟಿಸಲೇ ಇಲ್ಲ. ಹೊಸದಾಗಿ ಹೊಲಿದುಕೊಟ್ಟರು. ಮಕ್ಕಳ ಅಳತೆ ತೆಗೆಯುವ ಅವರ ಕ್ರಮವೇ ಬೇರೆ. ಸುಮ್ಮನೆ ನಿಂತವರ ಅಳತೆ ತೆಗೆಯುತ್ತಿರಲಿಲ್ಲ. "ಕೈ ಎತ್ತು. ಕುಕ್ಕರುಗಾಲಲ್ಲಿ ಕೂತ್ಕೋ. ಡ್ರೈವ್‌ವೇ ಕೊನೇವರೆಗೆ ಓಡಿ ಬಾ." ಮಗು ಏದುಸಿರು ಬಿಡುತ್ತಾ ಬಂದು ನಿಂತ ಮೇಲೆಯೇ ಟೇಪು ಕೈಗೆ ಬರುತ್ತಿದ್ದದ್ದು. "ಉಸಿರು ತುಂಬಿದಾಗ ಎದೆ ಎಷ್ಟಿರತ್ತೋ ಅದೇ ಅಳತೆ. ಮಿಕ್ಕ ಅಳತೆಯೆಲ್ಲ ಫೋಟೋಗೆ."

ಮರುವರ್ಷ ನಮ್ಮ ಕನ್ನಡ ಸಂಘದವರು ಹ್ಯಾಲೋವೀನ್ ವೇಷಸ್ಪರ್ಧೆ ಇಟ್ಟರು. ಇತಿಹಾಸ, ಪುರಾಣಗಳ ವೀರ ಸ್ತ್ರೀಯರಾಗಿ ಬರಬೇಕು. ಗರಾಜಿನ ತಂತಿಯ ಮೇಲೆ ಓಬವ್ವ, ಚೆನ್ನಮ್ಮ, ಅಬ್ಬಕ್ಕ, ರಜಿಯಾ ಸಾಲಾಗಿ ತೂಗಾಡಿದರು. ಓಬವ್ವನ ಸೀರೆ ಒಯ್ಯಲು ಬಂದ ತಂದೆಯೊಬ್ಬ, ಆಂಟಿ ಮುಸ್ಲಿಮರೆಂದು ಗೊತ್ತಿದ್ದೇ, ನಗುತ್ತಾ ಕೇಳಿದ: "ಆಂಟಿ, ಓಬವ್ವ ಯಾರ ಕಡೆಯವರನ್ನ ಹೊಡೆದಳು ಗೊತ್ತು ತಾನೆ?"

"ಗೊತ್ತಪ್ಪಾ. ನಾನೂ ಅದೇ ಪಾಠ ಓದಿ ಪಾಸಾದವಳು. ಕಿಂಡೀಲಿ ಕಳ್ಳನ ಥರ ತಲೆ ತೂರಿಸಿದ್ರೆ ಯಾರಿಗಾದ್ರೂ ಒನಕೆ ಬೀಳತ್ತೆ. ನೀನು ಬಾಗಿಲಲ್ಲಿ ಬಂದಿದ್ದೀಯ, ಕೂತ್ಕೋ."

ನನ್ನ ಮಗಳು ಚಾಮುಂಡಿಯಾಗುತ್ತೇನೆಂದಳು. ಆಂಟಿ ಅರಳಿದರು. ಮೈಸೂರಿನ ಮನೆಯ ತಾರಸಿಯಿಂದ ಬೆಟ್ಟ ಕಾಣುತ್ತಿತ್ತಂತೆ. ಹಳೆಯ ಲೆಗ್ಗಿಂಗ್ಸ್‌ಗೆ ಹತ್ತಿ ತುಂಬಿ ಆರು ಕೈ ಮಾಡಿದರು. ಮೀನು ಹಿಡಿಯುವ ತೆಳು ದಾರದಿಂದ ಅವನ್ನು ಮಗುವಿನ ಮಣಿಕಟ್ಟುಗಳಿಗೆ ಕಟ್ಟಿದರು. ಅವಳು ಕೈಯೆತ್ತಿದರೆ ಎಂಟೂ ಕೈ ಏಳುತ್ತಿದ್ದವು.

ಸ್ಪರ್ಧೆಗೆ ನಾಲ್ಕು ದಿನವಿರುವಾಗ ಸಂಘದ ಅಧ್ಯಕ್ಷೆಯ ಫೋನ್.

"ನೋಡಿ, ನಂಗೇನೂ ಇಲ್ಲ. ಓಬವ್ವ, ಚೆನ್ನಮ್ಮ ಎಲ್ಲ ಓಕೆ. ಆದ್ರೆ ದೇವಿ ಡ್ರೆಸ್ ಅವರ ಕೈಲಿ ಹೊಲಿಸೋದು ಕಮಿಟೀಲಿ ಕೆಲವರಿಗೆ ಕಂಫರ್ಟಬಲ್ ಇಲ್ಲ. ವಾಪಸ್ ತಗೊಂಡ್ಬಿಡಿ, ಬೇರೆ ಆರ್ಡರ್ ಮಾಡೋಣ. ಅವರಿಗೆ ಬೇಜಾರಾಗದ ಹಾಗೆ ಹೇಳಿ, ನೀವು ಚೆನ್ನಾಗಿ ಮಾತಾಡ್ತೀರಲ್ಲ."

ಅವರ 'ಕೆಲವರು' ಯಾರೆಂದು ಇವತ್ತಿಗೂ ಗೊತ್ತಿಲ್ಲ. ಹಬ್ಬಕ್ಕೆ ಇದೇ ಆಂಟಿ ಹೊಲಿದ ಬ್ಲೌಸು ತೊಟ್ಟು ಆರತಿ ಎತ್ತುವಾಗ ಒಬ್ಬರಿಗೂ ಮೈ ಚುಚ್ಚಿರಲಿಲ್ಲ!

ಈಗ ಆ ಸುಳ್ಳಿನ ಜಾಗ. ಅಧ್ಯಕ್ಷೆಗೆ ಅಲ್ಲೇ ಮುಖಕ್ಕೆ ಹೊಡೆದಂತೆ ಹೇಳಿ ಫೋನ್ ಇಟ್ಟೆ ಎಂದು ಎಷ್ಟೋ ಜನರ ಮುಂದೆ ಹೇಳಿಕೊಂಡಿದ್ದೇನೆ. ಹೇಳಿ ಹೇಳಿ ಆ ಮಾತುಗಳು ನನಗೆ ಬಾಯಿಪಾಠವಾಗಿವೆ. ನಿಜವಾಗಿ ನಾನಂದದ್ದು, "ಹೂಂ, ನೋಡ್ತೀನಿ."

ಹೋದೆ. ಮಗಳ ಮನಸ್ಸು ಬದಲಾಯಿತು, ಡ್ರೆಸ್ ಬೇಡವಂತೆ, ಇದ್ದಷ್ಟನ್ನೇ ಕೊಟ್ಟುಬಿಡಿ ಎಂದೆ. ಆಂಟಿ ಮೆಷಿನ್ ನಿಲ್ಲಿಸಿ ನನ್ನನ್ನು ನೋಡಿದರು.

"ಅಳತೆ ಕೊಟ್ಟೋಳು ಅವಳು. ಬೇಡ ಅಂತ ಅವಳೇ ಬಂದು ಹೇಳಲಿ."

ಬೇರೆ ದಾರಿಯಿಲ್ಲದೆ ಸಂಜೆ ಮಗಳನ್ನು ಕರೆದುಕೊಂಡು ಹೋದೆ. ಆಂಟಿ ಅವಳ ಎದುರು ಕುಕ್ಕರುಗಾಲಲ್ಲಿ ಕೂತರು.

"ಬೇಡವಾ ಮರಿ ನಿಂಗೆ?"

"ವಾಟ್? ನೋ! ನಂಗೆ ಬೇಕು. ಬೇಡ ಯಾರು ಹೇಳಿದ್ದು? ಅಮ್ಮಾ, ಹೂ ಸೆಡ್ ದಟ್?"

ನಾನು ಕತ್ತರಿ ನೋಡುತ್ತಾ ನಿಂತೆ. ಆಂಟಿಗೆ ಅಷ್ಟು ಸಾಕಾಯಿತು.

"ಕಮಿಟಿಯವರಾ?"

ತಲೆಯಾಡಿಸಿದೆ.

"ನೀನೇನಂದೆ ಅವರಿಗೆ?"

"ಏನೂ ಅನ್ನಲಿಲ್ಲ ಆಂಟಿ."

"ಅವರು ಅಂದದ್ದಕ್ಕೆ ನಂಗೆ ಬೇಜಾರಿಲ್ಲ. ಅಂಥೋರನ್ನ ನೋಡಿ ನೋಡಿ ಕೂದಲು ಹಣ್ಣಾಗಿದೆ. ನೀನು ಬಂದು ಮಗೂ ಹೆಸರಲ್ಲಿ ಸುಳ್ಳು ಹೇಳ್ದೆ ನೋಡು." ಅವರ ದನಿ ಏರಿತ್ತು. ಅವರು ಶಾಂತವಾಗಿ, ಕ್ಷಮಿಸುವವರಂತೆ ಮಾತಾಡಿದರು ಎಂದು ಬರೆದರೆ ಈ ಚಿತ್ರ ಚಂದ ಕಾಣುತ್ತಿತ್ತು. ಅವರು ಕ್ಷಮಿಸಲಿಲ್ಲ. ನನ್ನನ್ನು ಗರಾಜಿನಿಂದ ಆಚೆ ನಿಲ್ಲಿಸಿ, ಮಗಳನ್ನು ಒಳಗೆ ಕೂರಿಸಿಕೊಂಡು ಉಳಿದಿದ್ದ ಹೊಲಿಗೆ ಮುಗಿಸಿದರು. ಉಡುಪನ್ನು ಅವಳ ಕೈಗೇ ಕೊಟ್ಟರು.

ಶನಿವಾರದ ಸ್ಪರ್ಧೆಯಲ್ಲಿ ಮಗಳು ವೇದಿಕೆ ಹತ್ತಲಿಲ್ಲ. ಆರ್ಡರ್ ಮಾಡಿ ತರಿಸಿದ ಬೇರೆ ಉಡುಪನ್ನು ಮುಟ್ಟಲಿಲ್ಲ. ಹ್ಯಾಲೋವೀನ್ ಸಂಜೆ ಆಂಟಿ ಹೊಲಿದದ್ದನ್ನೇ ತೊಟ್ಟು ನಮ್ಮ ಬೀದಿಯ ಮನೆಮನೆಯ ಬಾಗಿಲು ತಟ್ಟಿದಳು. ಯಾರು ನೀನು ಎಂದು ಕೇಳಿದವರಿಗೆಲ್ಲ ಇಂಗ್ಲಿಷಿನಲ್ಲಿ ಚಾಮುಂಡಿಯ ಕಥೆ ಹೇಳಿದಳು. ಆಮೇಲೆ ನನ್ನ ಬ್ಲೌಸುಗಳನ್ನೂ ಆಂಟಿ ಹೊಲಿದುಕೊಟ್ಟರು, ಬಟ್ಟೆ ತಂದವರಿಗೆ ಇಲ್ಲವೆನ್ನುವವರಲ್ಲ. ಆದರೆ ಚಹಾ ಕುಡೀತೀಯಾ ಎಂದು ಮತ್ತೆ ಕೇಳಲಿಲ್ಲ.

ಕಳೆದ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ವಾರ ಕಳೆದ ಮೇಲೆ ಅಧ್ಯಕ್ಷೆಯ ಮೆಸೇಜು: "ನಮ್ಮೆಲ್ಲರ ಪ್ರೀತಿಯ ಆಂಟಿ. ಸಂಘದ ಸಂಚಿಕೆಗೆ ಒಂದು ಪೇಜ್ ಬರೆದುಕೊಡಿ. ಅವರ ಕೈಚಳಕ, ನಗು, ಹಾಗೆ ಪಾಸಿಟಿವ್ ಆಗಿ ಇರಲಿ."

ಬರೆದಿದ್ದೇನೆ. ಅವರು ಹೊಲಿದದ್ದನ್ನು ಬೇಡವೆಂದದ್ದು ನಮ್ಮ ಸಂಘ. ಆ ಮಾತನ್ನು ಅವರ ಬಾಗಿಲಿಗೆ ಒಯ್ದವಳು ನಾನು. ಇದರಲ್ಲಿ ಒಂದು ಸಾಲು ತೆಗೆಯುವುದಾದರೂ ಇಡೀ ಪುಟವನ್ನೇ ನನಗೆ ವಾಪಸು ಕಳಿಸಿ.